ಟಿವಿ ಸರಿಯಾಗಿಯೇ ಇದೆ, ಗೋಡೆ ದಪ್ಪ

ಸ್ಮಾರ್ಟ್ ಟಿವಿ, ಸ್ಟಿಕ್ (ಟಿವಿಗೆ ಚುಚ್ಚಿ ಇಂಟರ್ನೆಟ್ ವಿಡಿಯೊ ನೋಡುವ ಪುಟ್ಟ ಸಾಧನ), ಬಾಕ್ಸ್‌ಗಳ ಬಗ್ಗೆ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ನಾಪೋಕ್ಲು ಹತ್ತಿರದ ಹಳೆಯ ಮನೆ ನಮ್ಮದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಫೈಬರ್ ಲೈನ್ ವೇಗ 50 ಎಂಬಿಪಿಎಸ್. ರೂಟರ್ ಇರುವುದು ಕೈಯಾಲೆಯ (ಹೊರಜಗಲಿಯ) ಮೂಲೆಯಲ್ಲಿ, ಟಿವಿ ಒಳಕೋಣೆಯಲ್ಲಿ. ಹೊರಗೆ ಕೂತು ಮೊಬೈಲ್‌ನಲ್ಲಿ ನೋಡಿದರೆ ಏನೂ ತೊಂದರೆಯಿಲ್ಲ, ಟಿವಿಯಲ್ಲಿ ಮಾತ್ರ ಚಕ್ರ ಸುತ್ತುತ್ತಲೇ ಇರುತ್ತದೆ. ಟಿವಿ ಬದಲಿಸಿ ಎಂದು ಒಬ್ಬರು, 100 ಎಂಬಿಪಿಎಸ್ ಪ್ಲಾನ್ ಹಾಕಿಸಿ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಲೆಕ್ಕದಲ್ಲಿ 1080ಪಿ (ಎಚ್‌ಡಿ) ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕು. ನಿಮ್ಮ ಜಗಲಿಯವರೆಗೆ 50 ಬರುತ್ತಿದೆ. ಅಲ್ಲಿಂದ ಒಳಗೆ ಹೋಗುವಷ್ಟರಲ್ಲಿ ಗೋಡೆ ಅದನ್ನು ನುಂಗುತ್ತಿದೆ.

ಅನುಮಾನವಿದ್ದರೆ ಅಳೆದು ನೋಡಿ. ಫೋನಿನ ಡೇಟಾ ಆಫ್ ಮಾಡಿ, ವೈಫೈ ಒಂದನ್ನೇ ಇಟ್ಟುಕೊಂಡು ಫಾಸ್ಟ್ ಡಾಟ್ ಕಾಮ್ ತೆರೆಯಿರಿ. ಒಮ್ಮೆ ರೂಟರ್ ಪಕ್ಕದಲ್ಲಿ, ಒಮ್ಮೆ ಟಿವಿಯ ಬೆನ್ನಿಗೆ ಫೋನ್ ಆನಿಸಿ ಹಿಡಿದು ಅಳೆಯಿರಿ. ರಾತ್ರಿ ಎಂಟರ ಮೇಲೆ ಎರಡನ್ನೂ ಮತ್ತೊಮ್ಮೆ ಮಾಡಿ. ರೂಟರ್ ಬಳಿ 45, ಟಿವಿ ಬಳಿ 3 ಬಂದರೆ ಗೋಡೆಯದೇ ಕೆಲಸ. ರಾತ್ರಿ ಎರಡೂ ಕಡೆ ಒಟ್ಟಿಗೇ ಕುಸಿದರೆ ಮಾತ್ರ ಲೈನ್ ಕೊಟ್ಟವರನ್ನು ಕೇಳಬೇಕು. ವೈಫೈ ಅಳೆಯುವ ಆ್ಯಪ್ ಇದ್ದರೆ ಸಿಗ್ನಲ್ ಅಂಕಿಯೂ ಸಿಗುತ್ತದೆ: ಮೈನಸ್ 65 ಡಿಬಿಎಂ ಆಸುಪಾಸು ಇದ್ದರೆ ಚೆನ್ನ, ಮೈನಸ್ 75 ದಾಟಿತೆಂದರೆ ವಿಡಿಯೊ ತಡವರಿಸುತ್ತದೆ.

ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ವೈಫೈ ಬಿಡುತ್ತದೆ. 5ರದ್ದು ವೇಗ, ಆದರೆ ದಪ್ಪ ಗೋಡೆಯಲ್ಲಿ ಬೇಗ ಸೋಲುತ್ತದೆ. 2.4 ನಿಧಾನವಾದರೂ ಗೋಡೆ ದಾಟುವುದರಲ್ಲಿ ಗಟ್ಟಿ. ಟಿವಿಯನ್ನು 2.4ಕ್ಕೆ ಸೇರಿಸಿ, ರೂಟರ್ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ ಅನ್ನು 1, 6, 11 ಇವುಗಳಲ್ಲೊಂದಕ್ಕೆ ನಿಲ್ಲಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಕುಡಿದಾಗ ಸಿಗ್ನಲ್ಲನ್ನು ಇನ್ನಷ್ಟು ಹೀರುತ್ತದೆ. ಮಾರ್ಚ್‌ನಲ್ಲಿ ಸರಿಹೋದದ್ದು ಜುಲೈನಲ್ಲಿ ಮತ್ತೆ ಕೈಕೊಡಬಹುದು.

ಹಾಗಾಗಿ ಖಾಯಂ ಮದ್ದು ವಯರ್. ರೂಟರ್‌ನಿಂದ ಟಿವಿಗೆ ಕ್ಯಾಟ್ 6 ಲ್ಯಾನ್ ವಯರ್ ಎಳೆಯಿರಿ. ಗೋಡೆ ಕೊರೆಯಬೇಡಿ, ಹಳೆಯ ಮನೆಗಳಲ್ಲಿ ಮಾಡಿನ ತೊಲೆಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಇದ್ದೇ ಇರುತ್ತದೆ. ಟಿವಿಯ ಲ್ಯಾನ್ ಕಿಂಡಿ ಹೆಚ್ಚಾಗಿ 100 ಎಂಬಿಪಿಎಸ್‌ನದು. 4ಕೆ ನೋಡಲು ಅದೇ ಧಾರಾಳ. ಒಳಗೆ ಫೋನ್‌ಗಳಿಗೂ ವೈಫೈ ಬೇಕಿದ್ದರೆ ಮೂಲೆಯಲ್ಲಿ ಬಿದ್ದಿರುವ ಹಳೆಯ ರೂಟರ್ ಒಂದನ್ನು ಆ ವಯರಿನ ತುದಿಗೆ ಹಾಕಿ. ಮೊದಲು ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ (ಮುಖ್ಯ ರೂಟರ್ 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವಯರನ್ನು ವ್ಯಾನ್ ಎಂದು ಬರೆದ ಕಿಂಡಿಗಲ್ಲ, ಲ್ಯಾನ್ ಕಿಂಡಿಗೇ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡು ರೂಟರ್‌ಗಳೂ ವಿಳಾಸ ಹಂಚಲು ಹೊರಟು, ಇದ್ದ ಇಂಟರ್ನೆಟ್ಟೂ ನಿಲ್ಲುತ್ತದೆ.

ಗೋಡೆಯ ಪ್ಲಗ್ಗಿಗೆ ಚುಚ್ಚುವ ಅಗ್ಗದ ರಿಪೀಟರ್ ಕೊಳ್ಳಬೇಡಿ. ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ.

ಪ್ರಶ್ನೆ: ಟಿವಿಗೆ ಹಾಕಿದ ಸ್ಟಿಕ್ ಹತ್ತು ನಿಮಿಷಕ್ಕೊಮ್ಮೆ ತಾನೇ ಆಫ್ ಆಗಿ ಲೋಗೋ ತೋರಿಸಿ ಮತ್ತೆ ಶುರುವಾಗುತ್ತದೆ. ವಾರಂಟಿ ಮುಗಿದಿದೆ. (ಸುಂಟಿಕೊಪ್ಪ)

ಉತ್ತರ: ಸ್ಟಿಕ್‌ಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ? ಟಿವಿಯ ಯುಎಸ್‌ಬಿ ಕಿಂಡಿಯಿಂದ ಎಂದಾದರೆ ಕಾರಣ ಅಲ್ಲೇ ಇದೆ. ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್. ಫೈರ್ ಟಿವಿ ಸ್ಟಿಕ್ ತರಹದ್ದಕ್ಕೆ 5 ವೋಲ್ಟ್ 1 ಆಂಪಿಯರ್ ಬೇಕು. ಮೆನು ನೋಡುತ್ತಿರುವಾಗ ಹೇಗೋ ನಡೆಯುತ್ತದೆ, ವಿಡಿಯೊ ಶುರುವಾಗಿ ವೈಫೈ ಮತ್ತು ಚಿಪ್ ಎರಡೂ ಜೋರು ಹಿಡಿದಾಗ ವೋಲ್ಟೇಜ್ ಕುಸಿದು ಸ್ಟಿಕ್ ಮಗುಚಿಕೊಳ್ಳುತ್ತದೆ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ. ಅದು ಕಳೆದುಹೋಗಿದ್ದರೆ 5 ವೋಲ್ಟ್ 2 ಆಂಪಿಯರ್ ಎಂದು ಬರೆದ ಹಳೆಯ ಫೋನ್ ಚಾರ್ಜರ್ ಆಗುತ್ತದೆ. ಸಾಧನ ತನಗೆ ಬೇಕಾದಷ್ಟೇ ಎಳೆದುಕೊಳ್ಳುವುದರಿಂದ ಆಂಪಿಯರ್ ಹೆಚ್ಚಿದ್ದರೆ ಹಾನಿಯಿಲ್ಲ. ವಯರ್ ಮಾತ್ರ ಸಣಕಲು, ಉದ್ದನೆಯದು ಬೇಡ.

ಅದೇ ಪೆಟ್ಟಿಗೆಯಲ್ಲಿ ಬೆರಳುದ್ದದ ಎಚ್‌ಡಿಎಂಐ ತುಂಡು ವಯರ್ ಬಂದಿರುತ್ತದೆ. ಅನೇಕರು ಅದನ್ನು ಎಸೆದುಬಿಡುತ್ತಾರೆ. ಸ್ಟಿಕ್ಕನ್ನು ನೇರ ಟಿವಿಯ ಬೆನ್ನಿಗೆ ಚುಚ್ಚಿದರೆ ಲೋಹದ ತಗಡು ವೈಫೈಗೆ ಅಡ್ಡ ನಿಲ್ಲುತ್ತದೆ, ಬಿಸಿಯೂ ಹೋಗುವುದಿಲ್ಲ. ಆ ತುಂಡಿನಲ್ಲಿ ಹೊರಗೆ ತೂಗಿಬಿಡಿ.

ಇಷ್ಟಾದ ಮೇಲೂ ಹಟ ಮಾಡಿದರೆ: ಫೈರ್ ಟಿವಿಯಲ್ಲಿ ಸೆಲೆಕ್ಟ್ ಮತ್ತು ಪ್ಲೇ ಗುಂಡಿಗಳನ್ನು ಒಟ್ಟಿಗೆ ಐದಾರು ಸೆಕೆಂಡ್ ಒತ್ತಿ ಹಿಡಿದರೆ ಮರುಚಾಲನೆ. ರಿಮೋಟ್ ಮಾತು ಕೇಳದಿದ್ದರೆ ಹೋಮ್ ಗುಂಡಿ 10 ಸೆಕೆಂಡ್. ಫ್ಯಾಕ್ಟರಿ ರೀಸೆಟ್ (ಎಲ್ಲ ಅಳಿಸಿ ಹೊಸದರಂತೆ ಮಾಡುವುದು) ಕೊನೆಯ ದಾರಿ. ಅದಕ್ಕೊಂದು ಉದಾಹರಣೆ: 2025ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್ ಸಾಧನಗಳು ಒಮ್ಮೆಲೇ ನಿಂತವು. ಅವುಗಳೊಳಗಿನ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದದ್ದಷ್ಟೇ ಕಾರಣ. ಸುಮ್ಮನೆ ಬಿಟ್ಟವರದ್ದು ಗೂಗಲ್ ಅಪ್‌ಡೇಟ್ ಬಂದಾಗ ತಾನಾಗಿ ಸರಿಯಾಯಿತು, ಆತುರಕ್ಕೆ ರೀಸೆಟ್ ಮಾಡಿದವರು ಹೆಚ್ಚು ಪರದಾಡಿದರು.

ಪ್ರಶ್ನೆ: ಹೂಮಳೆ (ಕಾಫಿ ಹೂ ಅರಳಿಸುವ ಬೇಸಗೆ ಮಳೆ) ಸಮಯದ ಗುಡುಗಿಗೆ ಟಿವಿಯ ಎಚ್‌ಡಿಎಂಐ ಕಿಂಡಿಗಳು ಹೋದವು. ಟಿವಿಯ ಪ್ಲಗ್ ತೆಗೆದಿಟ್ಟಿದ್ದೆವು! ಸ್ಟೆಬಿಲೈಜರ್ ಇದ್ದಿದ್ದರೆ ಉಳಿಯುತ್ತಿತ್ತೇ? (ಸಿದ್ದಾಪುರ)

ಉತ್ತರ: ಸಿಡಿಲಿಗೆ ಸ್ಟೆಬಿಲೈಜರ್ ಲೆಕ್ಕಕ್ಕಿಲ್ಲ. ನೀವು ಕರೆಂಟಿನ ಬಾಗಿಲು ಹಾಕಿದಿರಿ, ಕಿಟಕಿ ತೆರೆದಿತ್ತು. ಮಾಡಿನ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ ಬರುವ ವಯರ್, ಮರದಿಂದ ಮರಕ್ಕೆ ಕಟ್ಟಿದ ಕೇಬಲ್ ಟಿವಿ ವಯರ್, ಹೊರಗಿನಿಂದ ಬರುವ ಲ್ಯಾನ್ ವಯರ್, ಇವೆಲ್ಲ ತಾಮ್ರ. ಹತ್ತಿರದಲ್ಲಿ ಸಿಡಿಲು ಬಿದ್ದರೂ ಇವುಗಳಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಅದು ಬಾಕ್ಸ್‌ಗೆ ಬಂದು, ಎಚ್‌ಡಿಎಂಐ ವಯರ್ ಹಿಡಿದು ಟಿವಿಗೆ ದಾಟುತ್ತದೆ. ಎಚ್‌ಡಿಎಂಐ ಕಿಂಡಿ ಮಾತ್ರ ಸುಟ್ಟು ಟಿವಿ ಉಳಿದಿದೆ ಎಂದರೆ ಪೆಟ್ಟು ಬಂದ ದಾರಿ ಇದೇ.

ಗುಡುಗು ಕೇಳಿಸಿದ ತಕ್ಷಣ ಟಿವಿ, ಬಾಕ್ಸ್, ರೂಟರ್ ಮೂರರ ಪ್ಲಗ್ಗನ್ನೂ, ಬಾಕ್ಸ್‌ನ ಹಿಂದಿನ ತಿರುಗಿಸುವ ಡಿಶ್ ಪಿನ್ನನ್ನೂ ಬಿಚ್ಚಿ ಒಂದಡಿ ದೂರ ಇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಮತ್ತೆ ಹಾಕಿ. ಸಿಡಿಲು ತಲೆಯ ಮೇಲೇ ಇರುವಾಗ ಬಿಚ್ಚಲು ಹೋಗಬೇಡಿ, ಟಿವಿಗಿಂತ ಕೈ ದೊಡ್ಡದು. ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಮನೆಗೆ ಎಳೆಯುವ ಕಪ್ಪು ಫೈಬರ್ ವಯರಿನ ಪಕ್ಕದಲ್ಲಿ ಬಿಗಿತಕ್ಕೆಂದು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಬಿಟ್ಟಿದ್ದಾರೆಯೇ ನೋಡಿ.

ಸ್ಟೆಬಿಲೈಜರ್ ಬೇರೆ ಕಾರಣಕ್ಕೆ ಉಪಯೋಗಕ್ಕೆ ಬರುತ್ತದೆ. ಟಿವಿಯ ಬೆನ್ನಿನ ಚೀಟಿಯಲ್ಲಿ 100–240 ವೋಲ್ಟ್ ಎಂದಿದ್ದರೆ ಕಡಿಮೆ ವೋಲ್ಟೇಜಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಗಾಳಿಗೆ ಕೊಂಬೆ ಮುರಿದು ನ್ಯೂಟ್ರಲ್ ತಂತಿ ತುಂಡಾದಾಗ. ಆಗ 230 ಇರಬೇಕಾದ ಪ್ಲಗ್ಗಿನಲ್ಲಿ 400ರ ಹತ್ತಿರ ಬರಬಹುದು. ಹೈ ಕಟ್‌ಆಫ್ ಇರುವ ಸ್ಟೆಬಿಲೈಜರ್, ಇಲ್ಲವೇ ಮೀಟರ್ ಬೋರ್ಡಿನಲ್ಲೇ ಕೂರಿಸುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಅದನ್ನು ತಡೆಯುತ್ತದೆ. ಎರಡನೆಯದು ಮನೆಯ ಫ್ರಿಡ್ಜನ್ನೂ ಕಾಯುವುದರಿಂದ ನಮ್ಮ ಮತ ಅದಕ್ಕೇ. ಕರೆಂಟ್ ಹೋದಾಗ ಪ್ಲಗ್ ತೆಗೆಯಿರಿ, ಬಂದು ಐದು ನಿಮಿಷ ದೀಪ ಸ್ಥಿರವಾಗಿ ಉರಿದ ಮೇಲೆ ಹಾಕಿ. ಸ್ಪೈಕ್ ಬಸ್ಟರ್ ಕೊಂಡರೆ ಮೂರು ಪಿನ್ನಿನ ಪ್ಲಗ್, ಅದರ ಹಿಂದೆ ಜೀವಂತ ಅರ್ಥಿಂಗ್ ಎರಡೂ ಇರಲಿ. ಅರ್ಥಿಂಗ್ ಇಲ್ಲದ ಸ್ಪೈಕ್ ಬಸ್ಟರ್ ಹೆಚ್ಚೂಕಡಿಮೆ ಬರೀ ಎಕ್ಸ್‌ಟೆನ್ಶನ್ ಬೋರ್ಡ್.

ಪ್ರಶ್ನೆ: ಮಡಿಕೇರಿ ಬಳಿ ಆರು ಕೋಣೆಗಳ ಹೋಮ್‌ಸ್ಟೇ ಇದೆ. ಅತಿಥಿಗಳು ಟಿವಿಯಲ್ಲಿ ನೆಟ್‌ಫ್ಲಿಕ್ಸ್ ಮುಂತಾದವುಗಳ ತಮ್ಮ ಖಾತೆ ಹಾಕಿ, ಲಾಗೌಟ್ ಮಾಡದೆ ಹೋಗುತ್ತಾರೆ. ಮುಂದಿನವರು ಅದನ್ನೇ ನೋಡುತ್ತಾರೆ. ನಮ್ಮದೇ ಖಾತೆ ಹಾಕಿಟ್ಟರೆ ಹೇಗೆ?

ಉತ್ತರ: ನಿಮ್ಮ ಖಾತೆ ಹಾಕಬೇಡಿ. ನೆಟ್‌ಫ್ಲಿಕ್ಸ್‌ನಂಥ ಸೇವೆಗಳ ಷರತ್ತಿನಲ್ಲಿ ಅದು ಸ್ವಂತಕ್ಕೆ, ವ್ಯಾಪಾರಕ್ಕಲ್ಲ ಎಂದಿದೆ. 2023ರ ಜುಲೈನಿಂದ ಭಾರತದಲ್ಲೂ ಒಂದು ಖಾತೆ ಒಂದೇ ಮನೆಯವರಿಗೆ ಎಂಬ ನಿಯಮ ಬಿಗಿಯಾಗಿದೆ.

ಕೋಣೆ ಗುಡಿಸುವವರಿಗೇ ಈ ಕೆಲಸ ಕಲಿಸಿ, ಎರಡು ನಿಮಿಷದ್ದು. ಗೂಗಲ್ ಟಿವಿ ಅಥವಾ ಆಂಡ್ರಾಯ್ಡ್ ಟಿವಿಯಾದರೆ ಸೆಟ್ಟಿಂಗ್ಸ್, ಆ್ಯಪ್ಸ್, ಎಲ್ಲ ಆ್ಯಪ್‌ಗಳು, ಅಲ್ಲಿ ನೆಟ್‌ಫ್ಲಿಕ್ಸ್ ಆರಿಸಿ ಕ್ಲಿಯರ್ ಡೇಟಾ. ಕ್ಲಿಯರ್ ಕ್ಯಾಶೆ ಒತ್ತಿದರೆ ಲಾಗಿನ್ ಹೋಗುವುದಿಲ್ಲ, ಡೇಟಾವನ್ನೇ ಅಳಿಸಬೇಕು. ಪ್ರೈಮ್ ವಿಡಿಯೊ, ಜಿಯೊಹಾಟ್‌ಸ್ಟಾರ್, ಯೂಟ್ಯೂಬ್‌ಗೂ ಹೀಗೆಯೇ. ಟಿವಿಗೆ ಕೊಟ್ಟ ಗೂಗಲ್ ಖಾತೆ ನಿಮ್ಮ ಸ್ವಂತ ಜಿಮೇಲ್ ಆಗಿದ್ದರೆ ಇವತ್ತೇ ಬದಲಿಸಿ. ಕಾರ್ಡ್ ಸೇರಿಸದ ಬೇರೆ ಖಾತೆಯೊಂದನ್ನು ಟಿವಿಗಳಿಗೆಂದೇ ತೆರೆಯಿರಿ, ಖರೀದಿಗೆ ಪಿನ್ ಹಾಕಿ.

ವೈಫೈಯಲ್ಲಿ ಒಂದು ತೊಡಕಿದೆ. ಫೋನ್‌ನಲ್ಲಿರುವ ವಿಡಿಯೊವನ್ನು ಟಿವಿಗೆ ಕಾಸ್ಟ್ ಮಾಡಬೇಕಾದರೆ (ಕಳಿಸಬೇಕಾದರೆ) ಎರಡೂ ಒಂದೇ ವೈಫೈಯಲ್ಲಿದ್ದು ಒಂದನ್ನೊಂದು ಕಾಣಬೇಕು. ಗೆಸ್ಟ್ ವೈಫೈ (ಅತಿಥಿಗಳಿಗೆಂದೇ ರೂಟರ್ ಬಿಡುವ ಬೇರೆ ವೈಫೈ) ಹೆಚ್ಚಾಗಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆದಿರುತ್ತದೆ, ಅದಕ್ಕೇ ‘ಟಿವಿ ಸಿಗುತ್ತಿಲ್ಲ’ ಎಂಬ ದೂರು. ಆ ತಡೆ ತೆಗೆದಿರೋ, ಮೂರನೇ ಕೋಣೆಯ ಹುಡುಗರು ಐದನೇ ಕೋಣೆಯ ಟಿವಿಗೆ ಹಾಡು ಹಾಕಿ ನಗುತ್ತಾರೆ. ತಡೆ ಹಾಗೇ ಇರಲಿ, ಅತಿಥಿಗಳು ಟಿವಿಯಲ್ಲೇ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಲಾಗಿನ್ ಆಗಲಿ. ಸಿಸಿಟಿವಿ, ಆಫೀಸ್ ಕಂಪ್ಯೂಟರ್ ಗೆಸ್ಟ್ ವೈಫೈಯಲ್ಲಿ ಬೇಡವೇ ಬೇಡ. ಆರು ಕೋಣೆಯಲ್ಲೂ ಒಟ್ಟಿಗೆ ಎಚ್‌ಡಿ ನೋಡಿದರೆ ಆರೈದಲ ಮೂವತ್ತು ಎಂಬಿಪಿಎಸ್. ಫೋನ್‌ಗಳೂ ಸೇರಿದರೆ 100ರ ಪ್ಲಾನ್ ನಿಮ್ಮಂಥವರಿಗೆ ನಿಜಕ್ಕೂ ಬೇಕು.

ಪ್ರಶ್ನೆ: ಕುಟ್ಟದ ಕಡೆ ಫೈಬರ್ ಇಲ್ಲ. ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕ್, ಹಾಟ್‌ಸ್ಪಾಟ್‌ನಲ್ಲಿ ಟಿವಿ. ಏಪ್ರಿಲ್‌ನಲ್ಲಿ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯನ್ನು ಯೂಟ್ಯೂಬ್‌ನಲ್ಲಿ ಲೈವ್ ನೋಡುವಷ್ಟರಲ್ಲಿ, ಅರ್ಧ ಆಟಕ್ಕೇ ಡೇಟಾ ಮುಗಿಯುತ್ತದೆ.

ಉತ್ತರ: ಟಿವಿ ದೊಡ್ಡ ಪರದೆಯೆಂದು ತಾನೇ ದೊಡ್ಡ ಗುಣಮಟ್ಟ ಆರಿಸಿಕೊಳ್ಳುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿ ಗಂಟೆಗೆ 3 ಜಿಬಿವರೆಗೆ ತಿನ್ನುತ್ತದೆ, 4ಕೆ 7 ಜಿಬಿವರೆಗೆ. ನಿಮ್ಮ 2 ಜಿಬಿ ಎಚ್‌ಡಿಯಲ್ಲಿ ಸುಮಾರು 40 ನಿಮಿಷ. ನೆಟ್‌ಫ್ಲಿಕ್ಸ್ ಖಾತೆಯನ್ನು ಬ್ರೌಸರ್‌ನಲ್ಲಿ ತೆರೆದು ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಂ ಇಟ್ಟರೆ ಗಂಟೆಗೆ 0.7 ಜಿಬಿ, ಲೋ ಇಟ್ಟರೆ 0.3. ಇದನ್ನು ಪ್ರತಿ ಪ್ರೊಫೈಲ್‌ಗೂ ಬೇರೆ ಬೇರೆ ಮಾಡಬೇಕು. ಯೂಟ್ಯೂಬ್‌ನಲ್ಲಿ ಲೈವ್ ಓಡುತ್ತಿರುವಾಗ ಹಲ್ಲುಚಕ್ರದ ಗುರುತು ಒತ್ತಿ 480ಪಿ ಆರಿಸಿ. 480ರಲ್ಲಿ ಚೆಂಡು ಕಾಣಿಸುವುದು ಕಷ್ಟ ಎನ್ನುವುದು ನಿಜ. ಹಾಗಿದ್ದರೆ 720ಕ್ಕೆ ಏರಿಸಿ, ಬದಲಿಗೆ ಆ ದಿನ ಮಕ್ಕಳ ಫೋನ್‌ಗಳನ್ನು ಹಾಟ್‌ಸ್ಪಾಟ್‌ನಿಂದ ಇಳಿಸಿ. ಟಿವಿಯ ಆ್ಯಪ್ ಆಟೊ ಅಪ್‌ಡೇಟ್, ಮುಂದಿನ ವಿಡಿಯೊ ತಾನೇ ಓಡುವುದು, ಚಿತ್ರ ಬದಲಾಗುವ ಸ್ಕ್ರೀನ್‌ಸೇವರ್, ಮೂರನ್ನೂ ಆಫ್ ಮಾಡಿ. ಫೈರ್ ಟಿವಿಯಲ್ಲಾದರೆ ಪ್ರಿಫರೆನ್ಸಸ್ ಒಳಗೆ ಡೇಟಾ ಮಾನಿಟರಿಂಗ್ ಎಂದೇ ಇದೆ, ಮಿತಿ ಹಾಕಿದರೆ ಎಚ್ಚರಿಸುತ್ತದೆ.

ಹಾಟ್‌ಸ್ಪಾಟ್ ಫೋನ್ ಟಿವಿ ಪಕ್ಕದಲ್ಲಿರಬೇಕಿಲ್ಲ. ಟವರ್ ಇರುವ ದಿಕ್ಕಿನ ಕಿಟಕಿಯಲ್ಲೋ ಅಟ್ಟದಲ್ಲೋ ಇಡಿ. ಟಿವಿಗೆ ಹಾಟ್‌ಸ್ಪಾಟ್ ಕಾಣದಿದ್ದರೆ ಫೋನಿನಲ್ಲಿ ಬ್ಯಾಂಡ್ 2.4ಕ್ಕೆ ಬದಲಿಸಿ. ದಿನವೂ ನೋಡುವವರಾದರೆ ಸಿಮ್ ಹಾಕುವ 4ಜಿ ರೂಟರ್ ಕೊಳ್ಳಿ, ಹೊರಗಿನ ಆಂಟೆನಾ ಸಿಕ್ಕಿಸಲು ಎರಡು ತಿರುಪಿನ ಕಿಂಡಿ ಇರುವಂಥದ್ದು. ಆಂಟೆನಾ ವಯರ್ ಉದ್ದವಾದಷ್ಟೂ ಆಂಟೆನಾದಿಂದ ಸಿಕ್ಕ ಲಾಭವನ್ನೆಲ್ಲ ವಯರೇ ತಿಂದುಹಾಕುತ್ತದೆ. ರೂಟರನ್ನೇ ಅಟ್ಟಕ್ಕೆ ಏರಿಸಿ, ಅಲ್ಲಿಂದ ಲ್ಯಾನ್ ವಯರ್ ಕೆಳಗೆ ಬಿಡುವುದು ಜಾಣತನ.

ಪ್ರಶ್ನೆ: ಎಲ್ಲ ಚಾನೆಲ್, ಎಲ್ಲ ಸಿನಿಮಾ ಒಂದೇ ಸಲ ದುಡ್ಡು ಕೊಟ್ಟರೆ ಶಾಶ್ವತ ಉಚಿತ ಎನ್ನುವ ಆಂಡ್ರಾಯ್ಡ್ ಬಾಕ್ಸ್ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ಕೊಳ್ಳಬಹುದೇ? (ಕುಶಾಲನಗರ)

ಉತ್ತರ: ಬೇಡ. ಹಕ್ಕಿಲ್ಲದೆ ತೋರಿಸುವುದು ಅಪರಾಧ ಎನ್ನುವುದು ಒಂದು. ನಿಮ್ಮ ಮನೆಗೇ ತಟ್ಟುವ ಅಪಾಯ ಇನ್ನೊಂದು. ಗೂಗಲ್ ಪ್ರಮಾಣೀಕರಿಸದ ಇಂಥ ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದಲೇ ಕಳ್ಳ ಸಾಫ್ಟ್‌ವೇರ್ ಬರುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಡಾಕ್ಟರ್ ವೆಬ್ ಎಂಬ ಆಂಟಿವೈರಸ್ ಸಂಸ್ಥೆ, ವಾಯ್ಡ್ ಎಂಬ ಕಳ್ಳ ತಂತ್ರಾಂಶ ಹೊಕ್ಕ ಸುಮಾರು 13 ಲಕ್ಷ ಟಿವಿ ಬಾಕ್ಸ್‌ಗಳನ್ನು 197 ದೇಶಗಳಲ್ಲಿ ಗುರುತಿಸಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಎಂಬ ಜಾಲದ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಬಾಕ್ಸ್ ಟಿವಿಯನ್ನೂ ತೋರಿಸುತ್ತದೆ, ಹಿಂದಿನಿಂದ ನಿಮ್ಮ ಇಂಟರ್ನೆಟ್ ಲೈನನ್ನು ಅಪರಿಚಿತರಿಗೆ ಬಾಡಿಗೆಗೂ ಬಿಡುತ್ತದೆ. ಅವರು ಮಾಡಿದ ವಂಚನೆಯ ಜಾಡು ನಿಮ್ಮ ಮನೆಯ ವಿಳಾಸಕ್ಕೆ ಬಂದು ನಿಲ್ಲುತ್ತದೆ.

ಗುರುತು ಸುಲಭ: ‘ಅನ್‌ಲಾಕ್ಡ್’ ಎಂಬ ಜಾಹೀರಾತು, ಪ್ಲೇ ಸ್ಟೋರ್ ಬದಲು ಬೇರೆಯೇ ಅಂಗಡಿ, ಪ್ಲೇ ಪ್ರೊಟೆಕ್ಟ್ (ಆ್ಯಪ್‌ಗಳನ್ನು ತಪಾಸಣೆ ಮಾಡುವ ಗೂಗಲ್ ವ್ಯವಸ್ಥೆ) ಆಫ್ ಮಾಡಿ ಎಂಬ ಸೂಚನೆ. ಪೆಟ್ಟಿಗೆಯ ಮೇಲೆ 8ಕೆ ಎಂದು ಬರೆದಿದ್ದರೂ ವೈಡ್‌ವೈನ್ ಎಲ್1 ಎಂಬ ರಕ್ಷಣಾ ದರ್ಜೆ ಇಲ್ಲದ್ದರಿಂದ, ಕಾಸು ಕೊಟ್ಟು ನೋಡುವ ಸೇವೆಗಳು ಇದಕ್ಕೆ 480ಪಿ ಮಸುಕು ಚಿತ್ರವನ್ನಷ್ಟೇ ಬಿಡುತ್ತವೆ. ಈಗಾಗಲೇ ಕೊಂಡವರು ಪ್ಲಗ್ ತೆಗೆದು, ಅದರಲ್ಲಿ ಹಾಕಿದ್ದ ಜಿಮೇಲ್ ಪಾಸ್‌ವರ್ಡನ್ನು ಫೋನಿನಿಂದ ಬದಲಿಸಿ.

ಪ್ರಶ್ನೆ: ಮಳೆ ಜೋರಾದರೆ ಫ್ರೀ ಡಿಶ್‌ನಲ್ಲಿ ಚಂದನ ಹೋಗಿಬಿಡುತ್ತದೆ. ಈಚೆಗೆ ಮಳೆ ನಿಂತರೂ ಒಂದೊಂದು ದಿನ ಬರುವುದಿಲ್ಲ. (ಭಾಗಮಂಡಲ)

ಉತ್ತರ: ಇವು ಎರಡು ಬೇರೆ ಕಾಯಿಲೆ. ಜಡಿಮಳೆಯಲ್ಲಿ ಹೋಗುವುದು ಸಹಜ. ಡಿಶ್‌ಗೆ ಬರುವ ಕೆಯು ಬ್ಯಾಂಡ್ ಅಲೆಗಳನ್ನು ಮಳೆಹನಿ ಹೀರುತ್ತದೆ. 60 ಸೆಂ.ಮೀ. ತಟ್ಟೆಯ ಬದಲು 90 ಸೆಂ.ಮೀ. ಹಾಕಿಸಿದರೆ ಅಲೆ ಹಿಡಿಯುವ ಜಾಗ ಎರಡೂಕಾಲು ಪಟ್ಟಾಗುತ್ತದೆ. ಮಧ್ಯಮ ಮಳೆಗೆ ಚಿತ್ರ ನಿಲ್ಲುತ್ತದೆ, ನಿಮ್ಮೂರಿನ ಆಷಾಢದ ಮಳೆಗೆ ಯಾವ ತಟ್ಟೆಯೂ ಖಾತರಿಯಲ್ಲ.

ಮಳೆ ನಿಂತ ಮೇಲೂ ಬಾರದಿದ್ದರೆ ನೀರು ವಯರ್ ಹೊಕ್ಕಿದೆ. ತಟ್ಟೆಯ ಮುಂದಿನ ಎಲ್‌ಎನ್‌ಬಿಗೆ (ಅಲೆ ಹಿಡಿಯುವ ಪುಟ್ಟ ಡಬ್ಬಿಗೆ) ತಿರುಗಿಸಿದ ಪಿನ್ ಬಿಚ್ಚಿ ನೋಡಿ. ನಡುವಿನ ತಾಮ್ರದ ಕಡ್ಡಿ ಹಸಿರಾಗಿದ್ದರೆ ಅಥವಾ ಒಳಗಿನ ಜಾಲರಿ ಕಪ್ಪಾಗಿದ್ದರೆ ಆ ತುದಿಯ ಒಂದಡಿ ವಯರ್ ಕತ್ತರಿಸಿ ಹೊಸ ಪಿನ್ ಹಾಕಿ. ಮೇಲೆ ಸಾದಾ ಇನ್ಸುಲೇಶನ್ ಟೇಪ್ ಸಾಲದು, ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಬೇಕು. ಪಿನ್ನಿನ ಕೆಳಗೆ ವಯರನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆ ತನ್ನಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.

ಇನ್ನೊಂದು, ಮರ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್ 15 ಉಪಗ್ರಹದಿಂದ. ಕೊಡಗಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿ. ಆ ಗೆರೆಯಲ್ಲಿ ಹೋದ ವರ್ಷ ಖಾಲಿಯಿದ್ದ ಜಾಗಕ್ಕೆ ಸಿಲ್ವರ್ ಓಕ್ ಮರದ ತುದಿ ಬಂದಿದೆಯೇ ನೋಡಿ. ಒದ್ದೆ ಎಲೆ ಮಳೆಗಿಂತ ದೊಡ್ಡ ಗೋಡೆ. ಮನೆಗೆ ಇಂಟರ್ನೆಟ್ ಇದ್ದರೆ, ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಶುರುಮಾಡಿದ ವೇವ್ಸ್ ಆ್ಯಪ್‌ನಲ್ಲಿ ದೂರದರ್ಶನದ ವಾಹಿನಿಗಳು ನೇರವಾಗಿ ಸಿಗುತ್ತವೆ. ಮಳೆಯ ದಿನಕ್ಕೆ ಅದೊಂದು ಇರಲಿ.

ಪ್ರಶ್ನೆ: ಹಳೆಯ ಡಬ್ಬಾ ಟಿವಿಗೆ ಸ್ಟಿಕ್ ಹಾಕಲು ಪರಿವರ್ತಕ ತಂದೆ. ಚಿತ್ರ ಕಪ್ಪುಬಿಳುಪು ಬರುತ್ತದೆ.

ಉತ್ತರ: ಪರಿವರ್ತಕದ ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂಬ ಪುಟ್ಟ ಸ್ವಿಚ್ ಇದೆ, ಪಾಲ್ ಕಡೆಗೆ ತಳ್ಳಿ. ಹಳದಿ ಪಿನ್ ಚಿತ್ರಕ್ಕೆ, ಬಿಳಿ ಕೆಂಪು ಧ್ವನಿಗೆ. ಪರಿವರ್ತಕಕ್ಕೂ ಬೇರೆ 5 ವೋಲ್ಟ್ ಕೊಡಬೇಕು. ಇನ್ನು ಕೊಳ್ಳುವವರು ‘ಎಚ್‌ಡಿಎಂಐಯಿಂದ ಎವಿಗೆ’ ಎಂದು ಕೇಳಿ ಪಡೆಯಿರಿ. ನೋಡಲು ಒಂದೇ ತರಹದ, ಉಲ್ಟಾ ಕೆಲಸ ಮಾಡುವ ಡಬ್ಬಿಯೂ ಅದೇ ಕಪಾಟಿನಲ್ಲಿರುತ್ತದೆ.

ಪ್ರಶ್ನೆ: ಸಿನಿಮಾದಲ್ಲಿ ಹಾಡು, ಹೊಡೆದಾಟ ಕಿವಿಗೆ ಬಡಿಯುತ್ತದೆ, ಮಾತು ಕೇಳುವುದಿಲ್ಲ. (ಸೋಮವಾರಪೇಟೆ)

ಉತ್ತರ: ಆರು ಸ್ಪೀಕರ್‌ಗಳಿಗೆ ಹಂಚಿದ 5.1 ಧ್ವನಿಯಲ್ಲಿ ಮಾತು ನಡುವಿನ ಸ್ಪೀಕರ್‌ಗೆ ಹೋಗುತ್ತದೆ. ನಿಮ್ಮ ಟಿವಿಗೆ ಅಂಥದ್ದೊಂದು ಇಲ್ಲ. ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಎಂದು ಬರೆಯದ ಕನ್ನಡವನ್ನು ಆರಿಸಿ, ಸ್ಟಿಕ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸರೌಂಡ್ ಆಫ್ ಮಾಡಿ ಪಿಸಿಎಂ ಅಥವಾ ಸ್ಟೀರಿಯೊ ಇಡಿ.

ಪ್ರಶ್ನೆ: ವೈಫೈ ಕನೆಕ್ಟೆಡ್ ಎನ್ನುತ್ತದೆ, ಯಾವ ಆ್ಯಪ್ ಕೂಡ ತೆರೆಯುವುದಿಲ್ಲ. ಟಿವಿ ಎರಡು ವಾರ ಕರೆಂಟಿಲ್ಲದೆ ಇತ್ತು. (ಮಾದಾಪುರ)

ಉತ್ತರ: ತಾರೀಕು ನೋಡಿ. ತುಂಬ ದಿನ ಪ್ಲಗ್ ತೆಗೆದಿಟ್ಟ ಟಿವಿಯಲ್ಲಿ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ತಾರೀಕು ತಪ್ಪಿದ್ದರೆ ಆ್ಯಪ್‌ಗಳ ಭದ್ರತಾ ಪ್ರಮಾಣಪತ್ರ ಟಿವಿಗೆ ಸುಳ್ಳೆಂದು ಕಾಣುತ್ತದೆ, ಬಾಗಿಲು ತೆರೆಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕವನ್ನು ಕೈಯಿಂದ ಸರಿಮಾಡಿ, ಆಮೇಲೆ ಆಟೊಮ್ಯಾಟಿಕ್‌ಗೆ ಇಡಿ. ತಾರೀಕು ಸರಿಯಿದ್ದೂ ಒಂದೇ ಒಂದು ಆ್ಯಪ್ ಹಟ ಹಿಡಿದರೆ ಟಿವಿಗೆ ವಯಸ್ಸಾಗಿರಬಹುದು: 2010, 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್ 1ರಿಂದ ನಿಂತೇಹೋಯಿತು. ಪರದೆ ಚೆನ್ನಾಗಿದ್ದರೆ ಟಿವಿ ಬಿಸಾಡಬೇಡಿ, ಒಂದು ಸ್ಟಿಕ್ ಹಾಕಿ.

ಪ್ರಶ್ನೆ: ಬಂಗಲೆಗೆ ಫೈಬರ್ ಬಂದಿದೆ. ತೋಟದೊಳಗೆ 180 ಮೀಟರ್ ಆಚೆ ಮಗನ ಮನೆ. ಲ್ಯಾನ್ ವಯರ್ ಎಳೆದರೆ ಅಲ್ಲಿನ ಟಿವಿಗೂ ಆಗುತ್ತದೆಯೇ? (ಪಾಲಿಬೆಟ್ಟ)

ಉತ್ತರ: ಲ್ಯಾನ್ ವಯರಿನ ಮಿತಿ 100 ಮೀಟರ್. ಅದಕ್ಕಿಂತ ಮುಖ್ಯವಾಗಿ, ತೋಟದ ಉದ್ದಕ್ಕೂ ತಾಮ್ರ ಎಳೆದರೆ ಎರಡು ಮನೆಗೂ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. 200 ಮೀಟರ್ ಒಂಟಿ ಎಳೆ ಫೈಬರ್ ವಯರ್, ಒಂದು ಜೊತೆ ಮೀಡಿಯಾ ಕನ್ವರ್ಟರ್ (ಲ್ಯಾನ್ ವಯರನ್ನು ಫೈಬರ್‌ಗೆ ಜೋಡಿಸುವ ಡಬ್ಬಿ) ತನ್ನಿ. ಜೊತೆಯಲ್ಲಿ ಎ, ಬಿ ಎಂದು ಎರಡು ಬಗೆ ಇರುತ್ತದೆ, ಎರಡೂ ಎ ತಂದರೆ ದೀಪವೇ ಹತ್ತುವುದಿಲ್ಲ. ಬಂಗಲೆಯ ರೂಟರ್‌ನಿಂದ ಎ, ಮಗನ ಮನೆಯಲ್ಲಿ ಬಿ, ಅಲ್ಲಿಂದ ಒಂದು ರೂಟರ್. ತುದಿ ಜೋಡಿಸಲು ನಿಮ್ಮ ಫೈಬರ್ ಲೈನ್‌ನವರನ್ನೇ ಕರೆಯಿರಿ, ಅವರ ಬಳಿ ಬೆಸೆಯುವ ಯಂತ್ರವಿದೆ.

ಎರಡು ತುದಿಯಲ್ಲೂ ಹತ್ತು ಮೀಟರ್ ಹೆಚ್ಚುವರಿ ಸುರುಳಿ ಬಿಡಿ. ಸಿಲ್ವರ್ ಕೊಂಬೆ ಬಿದ್ದು ತುಂಡಾದ ದಿನ ಅದು ನೆನಪಾಗುತ್ತದೆ. ಮರದಿಂದ ಮರಕ್ಕೆ ಕಟ್ಟಿದರೆ ಕರಿಮೆಣಸು ಕುಯ್ಯುವವರ ಏಣಿಗೆ ಸಿಕ್ಕುತ್ತದೆ, ಹೀಗಾಗಿ ಎಚ್‌ಡಿಪಿಇ ಪೈಪಿನೊಳಗೆ ಒಂದಡಿ ಆಳದಲ್ಲಿ ಹೂಳುವುದೇ ಮೇಲು. ಎಲ್ಲಿಯೂ ಬಳೆಗಿಂತ ಚಿಕ್ಕ ಸುತ್ತಾಗುವಂತೆ ಮಡಚಬೇಡಿ. ವಯರಿಲ್ಲದ ಏರ್ ಲಿಂಕ್ ಹಾಕಿಸಿ ಎಂದು ಯಾರಾದರೂ ಹೇಳಿದರೆ, ನಡುವೆ ಬರೀ ಗದ್ದೆಯಿದ್ದು ಎರಡೂ ಮಾಡು ಒಂದಕ್ಕೊಂದು ಕಾಣುತ್ತಿದ್ದರೆ ಮಾತ್ರ ಒಪ್ಪಿ. ತೋಟದ ಮರಗಳ ನಡುವೆ ಬೇಸಗೆಯಲ್ಲಿ ನಡೆದದ್ದು ಎಲೆ ಒದ್ದೆಯಾದೊಡನೆ ನಿಲ್ಲುತ್ತದೆ.

ಪ್ರಶ್ನೆ: 43 ಇಂಚಿನ ಹೊಸ ಟಿವಿಯನ್ನು ಗೋಡೆಗೆ ಹಾಕಿಸಿದ್ದೆವು. ಮಳೆಗಾಲ ಕಳೆಯುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಮಂಜಿನಂಥ ಬಿಳಿ ಕಲೆ, ಒಂದು ಸ್ಕ್ರೂ ಕೂಡ ಸಡಿಲ. (ವಿರಾಜಪೇಟೆ)

ಉತ್ತರ: ಹೊರಗೋಡೆಗೆ ಹಾಕಿದ್ದೀರಿ ಎಂದು ಊಹಿಸುತ್ತೇವೆ. ಪಶ್ಚಿಮದ ಮಳೆ ಬಡಿಯುವ ಗೋಡೆ ಮೂರು ತಿಂಗಳು ತೇವ ಉಸಿರಾಡುತ್ತದೆ, ಟಿವಿಯ ಬೆನ್ನು ಅದಕ್ಕೆ ಅಂಟಿಕೊಂಡಿದ್ದರೆ ಆ ತೇವ ಪರದೆಯ ಪದರಗಳ ನಡುವೆ ಸೇರುತ್ತದೆ. ಟಿವಿ ಒಂದೆರಡು ಗಂಟೆ ಓಡಿದ ಮೇಲೆ ಕಲೆ ಮಸುಕಾದರೆ ಒಣಗುವ ಹಂತದಲ್ಲಿದೆ ಎಂದರ್ಥ. ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಒಲೆಯ ಹತ್ತಿರ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ; ಪದರ ಸೊಟ್ಟಗಾದರೆ ಕಲೆ ಶಾಶ್ವತ. ಧೂಳಿಗೆಂದು ಹಾಕುವ ಪ್ಲಾಸ್ಟಿಕ್ ಹೊದಿಕೆಯನ್ನು ಮಳೆಗಾಲದಲ್ಲಿ ತೆಗೆದಿಡಿ, ಒಳಗೆ ತೇವವನ್ನು ಕೂಡಿಹಾಕುವುದು ಅದೇ. ಬೀಗ ಹಾಕಿ ಬೆಂಗಳೂರಿಗೆ ಹೋಗಿ ತಿಂಗಳ ಮೇಲೆ ಬಂದವರು ಬಂದ ಕೂಡಲೇ ಟಿವಿ ಹಾಕಬೇಡಿ. ಕಿಟಕಿ ತೆರೆದು, ಫ್ಯಾನ್ ಹಾಕಿ ನಾಲ್ಕಾರು ಗಂಟೆ ಒಣಗಲು ಬಿಡಿ.

ಮಣ್ಣು ಅಥವಾ ಜಂಬಿಟ್ಟಿಗೆ ಗೋಡೆಯಲ್ಲಿ 8 ಮಿ.ಮೀ. ಪ್ಲಾಸ್ಟಿಕ್ ರಾಲ್ ಪ್ಲಗ್ ಗಿಲಾವಿನಲ್ಲಷ್ಟೇ ಹಿಡಿದಿರುತ್ತದೆ, ತೇವಕ್ಕೆ ಬಿಡುತ್ತದೆ. ಒಳಗೋಡೆಗೆ ಬದಲಿಸಿ, ಮುಕ್ಕಾಲು ಇಂಚಿನ ಹಲಸಿನ ಹಲಗೆಯೊಂದನ್ನು ಆರು ಕಡೆ ನಾಲ್ಕು ಇಂಚಿನ ಸ್ಕ್ರೂ ಹಾಕಿ ಗೋಡೆಗೆ ಕೂರಿಸಿ, ಬ್ರಾಕೆಟ್ಟನ್ನು ಹಲಗೆಗೆ ಬಿಗಿಯಿರಿ. ಟಿವಿಯ ಬೆನ್ನಿಗೂ ಗೋಡೆಗೂ ನಾಲ್ಕು ಬೆರಳು ಅಂತರ ಇರಲಿ. ಟಿವಿಗೆ ಹಾಕುವ ಸ್ಕ್ರೂ ಪುಸ್ತಕದಲ್ಲಿ ಹೇಳಿದ ಉದ್ದದ್ದೇ ಆಗಬೇಕು. ಅಂಗಡಿಯಲ್ಲಿ ಸಿಕ್ಕಿದ ಉದ್ದನೆಯ ಸ್ಕ್ರೂ ತಿರುಗಿಸುತ್ತಾ ಹೋದರೆ ಪರದೆಯ ಬೆನ್ನು ತೂತಾಗುತ್ತದೆ. ಇಷ್ಟೆಲ್ಲ ರಗಳೆ ಬೇಡ ಎನಿಸಿದರೆ ಮೇಜಿನ ಮೇಲೆ, ಪೆಟ್ಟಿಗೆಯಲ್ಲಿ ಬಂದ ಎರಡು ಕಾಲಿನಲ್ಲೇ ನಿಲ್ಲಿಸಿ. ಕೊಡಗಿನ ಮನೆಗಳಿಗೆ ನಮ್ಮ ಮೊದಲ ಸಲಹೆ ಅದೇ.